ಓದುಗರ ದಾರಿಗೆ ಅಡ್ಡ ನಿಲ್ಲದ ಜಾಹೀರಾತು: ವೆಬ್ ಪುಟದಲ್ಲಿ ಮಾಹಿತಿಯನ್ನೂ ಪ್ರಚಾರವನ್ನೂ ಜೋಡಿಸುವ ಬಗೆ

1994ರ ಅಕ್ಟೋಬರ್ 27ರಂದು ಹಾಟ್‌ವೈರ್ಡ್ ಎಂಬ ಜಾಲತಾಣದಲ್ಲಿ 468 ಪಿಕ್ಸೆಲ್ ಅಗಲ, 60 ಪಿಕ್ಸೆಲ್ ಎತ್ತರದ ಒಂದು ಅಡ್ಡಪಟ್ಟಿ ಕಾಣಿಸಿಕೊಂಡಿತು. ಅದಕ್ಕೆ ಹಣ ಕೊಟ್ಟದ್ದು ದೂರವಾಣಿ ಕಂಪನಿ ಎಟಿ ಅಂಡ್ ಟಿ. ವೆಬ್ಬಿನ ಬ್ಯಾನರ್ ಜಾಹೀರಾತಿನ ಕಥೆಯನ್ನು ಸಾಮಾನ್ಯವಾಗಿ ಅಲ್ಲಿಂದಲೇ ಶುರುಮಾಡುತ್ತಾರೆ. ಕಂಡವರಲ್ಲಿ ನೂರಕ್ಕೆ 44 ಮಂದಿ ಅದನ್ನು ಒತ್ತಿದರೆಂದು ರೂಪಿಸಿದವರು ನೆನಪಿಸಿಕೊಳ್ಳುತ್ತಾರೆ. ಆಗ ಅದು ಹೊಸದು. ಒತ್ತಿದರೆ ಏನಾಗುತ್ತದೆಂಬ ಕುತೂಹಲವೇ ಅರ್ಧ ಕೆಲಸ ಮಾಡಿತ್ತು.

ನಾಲ್ಕೇ ವರ್ಷಗಳಲ್ಲಿ ಆ ಕುತೂಹಲ ಬತ್ತಿತು. 1998ರಲ್ಲಿ ರೈಸ್ ವಿಶ್ವವಿದ್ಯಾಲಯದ ಬೆನ್‌ವೇ ಮತ್ತು ಲೇನ್ ಎಂಬ ಸಂಶೋಧಕರು ಕೆಲವರಿಗೆ ವೆಬ್ ಪುಟಗಳಲ್ಲಿ ಮಾಹಿತಿ ಹುಡುಕುವ ಕೆಲಸ ಕೊಟ್ಟರು. ಬೇಕಾದ ಮಾಹಿತಿಗೆ ಹೋಗುವ ಕೊಂಡಿಯನ್ನು ಎದ್ದು ಕಾಣುವ ಬ್ಯಾನರ್ ಒಂದರಲ್ಲೇ ಇಟ್ಟಿದ್ದರು. ಬಹಳಷ್ಟು ಮಂದಿ ಆ ಬ್ಯಾನರನ್ನೇ ಬಿಟ್ಟು ಉಳಿದ ಕಡೆಯೆಲ್ಲ ಹುಡುಕಿದರು. ಸಂಶೋಧಕರು ಇದನ್ನು ಬ್ಯಾನರ್ ಕುರುಡು ಎಂದು ಕರೆದರು.

ವೆಬ್ ಪುಟ ಕಟ್ಟಲು ಹೊರಟವರಿಗೆ ನಾನು ಮೊದಲು ಹೇಳುವುದು ಈ ಪ್ರಯೋಗದ ಸಂಗತಿಯನ್ನು. ಜೋರಾಗಿ ಕೂಗಿದಷ್ಟೂ ಜನ ಕಿವಿ ಮುಚ್ಚಿಕೊಳ್ಳುತ್ತಾರೆ ಎಂಬುದು ಅದರಿಂದ ತಿಳಿಯುವ ಒಂದು ಮಾತು. ಉಪಯುಕ್ತ ಮಾಹಿತಿಗೆ ಜಾಹೀರಾತಿನ ಬಟ್ಟೆ ತೊಡಿಸಿದರೆ ಅದೂ ಕಣ್ಣಿಗೆ ಬೀಳದೆ ಹೋಗುತ್ತದೆ ಎಂಬುದು ಇನ್ನೊಂದು. ಆದರೆ ಅನೇಕರು ಇದರಿಂದ ಕಲಿತದ್ದು ತಪ್ಪು ಪಾಠ: ಹಾಗಾದರೆ ಜಾಹೀರಾತಿಗೆ ಮಾಹಿತಿಯ ಬಟ್ಟೆ ತೊಡಿಸೋಣ ಎಂದುಕೊಂಡರು. ಅದು ಮೋಸ, ಒಮ್ಮೆ ಮೋಸ ಹೋದ ಓದುಗರು ಮುಂದೆ ನಿಮ್ಮ ಮಾಹಿತಿಯನ್ನೂ ನಂಬುವುದಿಲ್ಲ. ಮಾಹಿತಿ ಮಾಹಿತಿಯಂತೆ, ಜಾಹೀರಾತು ಜಾಹೀರಾತಿನಂತೆ ಕಾಣಬೇಕು. ಎರಡಕ್ಕೂ ಪುಟ ಕಟ್ಟುವ ಮೊದಲ ದಿನವೇ ಜಾಗ ಗೊತ್ತಾಗಿರಬೇಕು. ಅದನ್ನು ಮಾಡುವುದು ಹೇಗೆಂದು ಹಂತ ಹಂತವಾಗಿ ಹೇಳುತ್ತೇನೆ.

ಉದಾಹರಣೆಗೆ ಒಂದು ಪುಟವನ್ನು ಇಟ್ಟುಕೊಳ್ಳೋಣ: ತೊಟ್ಟಿಕ್ಕುವ ನಲ್ಲಿಯನ್ನು ಮನೆಯಲ್ಲೇ ಸರಿಪಡಿಸುವುದು ಹೇಗೆ. ಉಪಕರಣ ಮಾರುವ ಒಂದು ಕಂಪನಿ ಈ ಪುಟದಲ್ಲಿ ಜಾಹೀರಾತು ಕೊಡಲು ಬಯಸಿದೆ.

## 1. ಪುಟ ಯಾರ ಯಾವ ಪ್ರಶ್ನೆಗೆ ಉತ್ತರ?

ಕಂಪ್ಯೂಟರ್ ತೆರೆಯುವ ಮೊದಲು ಒಂದು ಕಾಗದದ ಮೇಲೆ ಒಂದೇ ವಾಕ್ಯ ಬರೆಯಿರಿ: ಈ ಪುಟಕ್ಕೆ ಬಂದವರು ಏನು ತಿಳಿದುಕೊಂಡು ಹೋಗಬೇಕು? ನಮ್ಮ ಪುಟದ ಮಟ್ಟಿಗೆ, ‘ವಾಷರ್ ಸವೆದ ನಲ್ಲಿಯನ್ನು ತಾನೇ ಬಿಚ್ಚಿ, ಹೊಸ ವಾಷರ್ ಹಾಕಿ, ಮತ್ತೆ ಜೋಡಿಸಲು ಕಲಿಯಬೇಕು.’ ಅದರ ಕೆಳಗೆ ಎರಡನೆಯ ವಾಕ್ಯ: ಜಾಹೀರಾತು ಕೊಟ್ಟವರಿಗೆ ಏನು ಬೇಕು? ‘ಸ್ಪ್ಯಾನರ್ ಇಲ್ಲದವರು ನಮ್ಮದನ್ನು ಕೊಳ್ಳಬೇಕು.’

ಎರಡು ವಾಕ್ಯಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡನೆಯದು ಮೊದಲನೆಯದಕ್ಕೆ ಎಲ್ಲಿ ಒದಗಿಬರುತ್ತದೆ, ಎಲ್ಲಿ ಅಡ್ಡಿಯಾಗುತ್ತದೆ ಎಂಬುದು ಆಗಲೇ ಕಾಣುತ್ತದೆ. ನೀರು ಚಿಮ್ಮುತ್ತಿರುವ ಮನೆಯಲ್ಲಿ ನಿಂತು ಫೋನ್ ನೋಡುತ್ತಿರುವವರಿಗೆ ಮೊದಲು ಬೇಕಾದದ್ದು ನೀರಿನ ಮುಖ್ಯ ವಾಲ್ವ್ ಮುಚ್ಚಬೇಕೆಂಬ ಮಾತು, ಸ್ಪ್ಯಾನರ್ ಆಮೇಲೆ.

## 2. ಮಾಹಿತಿಯನ್ನು ಮೊದಲು ಪೂರ್ತಿ ಬರೆಯಿರಿ

ಜಾಹೀರಾತಿನ ಗೊಡವೆಯೇ ಇಲ್ಲವೆಂಬಂತೆ ಬರೆಯಿರಿ. ಬರಹ ಮುಗಿದ ಮೇಲೆ, ಪುಟ ಕಟ್ಟುವ ಮೊದಲು ಜಾಗ ಗುರುತಿಸಬಹುದು. ಜಾಹೀರಾತಿಗೆ ಜಾಗ ಸಿಗಲೆಂದು ಎಳೆದು ಬರೆದ ಲೇಖನವನ್ನು ಓದುಗರು ಎರಡನೆಯ ಪ್ಯಾರಾದಲ್ಲೇ ಗುರುತಿಸುತ್ತಾರೆ. ‘ನಲ್ಲಿ ನಮ್ಮ ಜೀವನದ ಅವಿಭಾಜ್ಯ ಅಂಗ’ ಎಂದು ತೊಡಗುವ ಪುಟವನ್ನು ಯಾರಿಗಾಗಿ ಬರೆದಿದ್ದಾರೆ ಎಂದು ಕೇಳಿಕೊಳ್ಳಿ. ಓದುಗರಿಗಾಗಿ ಅಂತೂ ಅಲ್ಲ.

ಜನ ವೆಬ್ ಪುಟವನ್ನು ಸಾಲು ಸಾಲಾಗಿ ಓದುವುದು ಕಡಿಮೆ. ಜನ ಜಾಲತಾಣಗಳನ್ನು ಬಳಸುವ ಬಗೆಯನ್ನು ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ 1997ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹೊಸ ಪುಟವನ್ನು ಪದ ಪದವಾಗಿ ಓದಿದವರು ಶೇಕಡಾ 16. ಶೇಕಡಾ 79 ಮಂದಿ ಕಣ್ಣಾಡಿಸಿದರು. 2006ರಲ್ಲಿ ಅವರ ತಂಡ ಕಣ್ಣಿನ ಚಲನೆಯನ್ನು ದಾಖಲಿಸಿದಾಗ, ನೋಟ ಮೇಲಿನ ಒಂದೆರಡು ಸಾಲುಗಳಲ್ಲಿ ಅಡ್ಡಕ್ಕೆ ಓಡಿ, ಆಮೇಲೆ ಎಡ ಅಂಚಿಗೆ ಅಂಟಿಕೊಂಡು ಕೆಳಗೆ ಜಾರುವುದು ಕಂಡಿತು. ಕಣ್ಣು ಹೀಗೆ ಜಾರುವುದರಿಂದಲೇ ಉತ್ತರವನ್ನು ಮೇಲಿನ ಸಾಲುಗಳಲ್ಲಿ ಇಡಬೇಕು. ಉಪಶೀರ್ಷಿಕೆಗಳೂ ಅಷ್ಟೇ, ಬರೀ ‘ಸಿದ್ಧತೆ’ ಎನ್ನುವ ಬದಲು ‘ಮೊದಲು ಮುಖ್ಯ ವಾಲ್ವ್ ಮುಚ್ಚಿ’ ಎಂದು ಬರೆದರೆ ಕಣ್ಣಾಡಿಸುವವರಿಗೂ ಕೆಲಸ ತಿಳಿಯುತ್ತದೆ. ಕೊಂಡಿಗೆ ‘ಇಲ್ಲಿ ಕ್ಲಿಕ್ ಮಾಡಿ’ ಎಂದು ಬರೆಯಬೇಡಿ. ‘ವಾಷರ್ ಅಳತೆಗಳ ಪಟ್ಟಿ’ ಎಂದು ಬರೆಯಿರಿ. ಪರದೆಯನ್ನು ಓದಿ ಹೇಳುವ ತಂತ್ರಾಂಶ ಬಳಸುವ ದೃಷ್ಟಿಹೀನರು ಕೊಂಡಿಗಳನ್ನಷ್ಟೇ ಒಂದಾದ ಮೇಲೊಂದು ಕೇಳಿಸಿಕೊಳ್ಳುವುದುಂಟು. ಹತ್ತು ಸಲ ‘ಇಲ್ಲಿ’ ಎಂದು ಕೇಳಿಸಿಕೊಂಡರೆ ಅವರು ಎಲ್ಲಿಗೆ ಹೋಗಬೇಕು?

ಕನ್ನಡದಲ್ಲಿ ಬರೆಯುವವರು ಎರಡು ಸಂಗತಿಗಳನ್ನು ಗಮನಿಸಬೇಕು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿಗೆಂದು ಹೊಂದಿಸಿದ ಸಾಲಿನ ಅಂತರದಲ್ಲಿ ಅವು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ಸಾಲಿನ ಎತ್ತರವನ್ನು ಅಕ್ಷರ ಗಾತ್ರದ 1.6 ಪಟ್ಟಿಗಿಂತ ಕಡಿಮೆ ಮಾಡಬೇಡಿ. ಎರಡನೆಯದು, ಪಠ್ಯ ಯೂನಿಕೋಡ್‌ನಲ್ಲೇ, ಅಂದರೆ ಎಲ್ಲ ಸಾಧನಗಳೂ ಗುರುತಿಸುವ ಅಕ್ಷರ ಸಂಕೇತದಲ್ಲೇ ಇರಲಿ. ಹಳೆಯ ಫಾಂಟ್ ಸಂಕೇತಗಳಲ್ಲಿ ಬೆರಳಚ್ಚಾದದ್ದನ್ನು ಪರಿವರ್ತಿಸದೆ ಹಾಕಿದರೆ, ಅಥವಾ ಸೂಚನೆಗಳನ್ನೆಲ್ಲ ಚಿತ್ರವಾಗಿ ಅಂಟಿಸಿದರೆ, ನೆಟ್ಟಗೆ ನಕಲು ಮಾಡಲು ಆಗುವುದಿಲ್ಲ, ಚಿತ್ರವಾದರೆ ಅಕ್ಷರವನ್ನಷ್ಟೇ ದೊಡ್ಡದು ಮಾಡಲೂ ಆಗುವುದಿಲ್ಲ. ಹುಡುಕು ಯಂತ್ರಗಳಿಗೂ ಅದು ನೆಟ್ಟಗೆ ಸಿಗುವುದಿಲ್ಲ.

ಕೊನೆಯಲ್ಲಿ ಬರೆದವರ ಹೆಸರು, ಬರೆದ ದಿನಾಂಕ, ತಿದ್ದಿದ ದಿನಾಂಕ ಹಾಕಿ.

## 3. ಜಾಹೀರಾತಿನ ಜಾಗವನ್ನು ಗೆರೆ ಎಳೆದು ಗುರುತಿಸಿ

ಮನೆ ಕಟ್ಟಿದ ಮೇಲೆ ಕಿಟಕಿಗಾಗಿ ಗೋಡೆ ಒಡೆಯುವವರಿಲ್ಲ. ವೆಬ್ ಪುಟದಲ್ಲಿ ಮಾತ್ರ ಇದು ದಿನವೂ ನಡೆಯುತ್ತದೆ: ಪುಟ ಮುಗಿದ ಮೇಲೆ ಸಿಕ್ಕ ಸಿಕ್ಕ ಸಂದಿಯಲ್ಲಿ ಜಾಹೀರಾತು ತುರುಕುತ್ತಾರೆ.

ಹೆಚ್ಚು ಬಳಕೆಯ ಅಳತೆಗಳು ಕೆಲವೇ ಇವೆ (ಪಿಕ್ಸೆಲ್‌ಗಳಲ್ಲಿ, ಮೊದಲು ಅಗಲ, ಆಮೇಲೆ ಎತ್ತರ). ಫೋನ್‌ನಲ್ಲಿ 320×50, ಲೇಖನದ ನಡುವೆ 300×250, ದೊಡ್ಡ ಪರದೆಯ ಅಡ್ಡಪಟ್ಟಿಗೆ 728×90, ಪಕ್ಕದ ಕಂಬಕ್ಕೆ 160×600. ಕಾಗದದ ಮೇಲೆ ಫೋನ್ ಪರದೆಯ ಆಕಾರ ಬರೆದು, ಪುಟದ ಯಾವ ಯಾವ ಜಾಗದಲ್ಲಿ ಯಾವ ಅಳತೆ ಬರುತ್ತದೆಂದು ಚೌಕ ಹಾಕಿ.

ಪ್ರಶ್ನೆಗೂ ಅದರ ಉತ್ತರಕ್ಕೂ ನಡುವೆ ಜಾಹೀರಾತು ಬೇಡ. ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ಸಂಧಿಯಲ್ಲಿ ಬಂದರೆ ಅದು ಅಷ್ಟಾಗಿ ಚುಚ್ಚುವುದಿಲ್ಲ. ನಮ್ಮ ಪುಟದಲ್ಲಿ ‘ಬೇಕಾಗುವ ಸಾಮಾನುಗಳು’ ಭಾಗ ಮುಗಿದಲ್ಲಿ ಉಪಕರಣದ ಜಾಹೀರಾತು ಬಂದರೆ ಅದು ಒದಗಿಬಂದಂತೆಯೇ. ಆದರೆ ನಟ್ಟು ಬಿಚ್ಚುವ ಮೂರನೆಯ ಸೂಚನೆಗೂ ನಾಲ್ಕನೆಯ ಸೂಚನೆಗೂ ನಡುವೆ ಬಂದರೆ, ಒದ್ದೆ ಕೈಯಲ್ಲಿ ಪರದೆ ಸರಿಸುತ್ತಿರುವವರಿಗೆ ಅದು ಹಿಂಸೆ. ಡೌನ್‌ಲೋಡ್, ‘ಮುಂದೆ’ ಮುಂತಾದ ಗುಂಡಿಗಳ ಪಕ್ಕದಲ್ಲೂ ಬೇಡ. ಅಲ್ಲಿ ಸಿಗುವ ಕ್ಲಿಕ್‌ಗಳು ಬಹುಪಾಲು ಬೆರಳು ತಪ್ಪಿದವು. ಜಾಹೀರಾತುದಾರರು ಅವುಗಳಿಗೂ ಹಣ ತೆರುತ್ತಾರೆ, ಓದುಗರು ಶಪಿಸುತ್ತಾರೆ.

ಇಲ್ಲಿ ತಂತ್ರದ ಒಂದು ಮಾತು ತುಂಬ ಮುಖ್ಯ. ಜಾಹೀರಾತು ಸಾಮಾನ್ಯವಾಗಿ ಪಠ್ಯಕ್ಕಿಂತ ತಡವಾಗಿ ಬಂದು ಸೇರುತ್ತದೆ. ಅದಕ್ಕೆ ಮೊದಲೇ ಜಾಗ ಕಾದಿರಿಸದಿದ್ದರೆ, ಬಂದಕೂಡಲೇ ಕೆಳಗಿನದನ್ನೆಲ್ಲ ತಳ್ಳುತ್ತದೆ. ಓದುತ್ತಿದ್ದ ಸಾಲು ಕಣ್ಣೆದುರೇ ಮಾಯ. ಕೊಂಡಿ ಒತ್ತಲು ಹೋದ ಬೆರಳು ಜಾಹೀರಾತಿನ ಮೇಲೆ. ಇದನ್ನು ತಪ್ಪಿಸಲು ಪುಟದ ರೂಪವನ್ನು ಹೇಳುವ ಕೋಡ್ ಆದ ಸಿಎಸ್‌ಎಸ್‌ನಲ್ಲಿ ಜಾಹೀರಾತಿನ ಪೆಟ್ಟಿಗೆಗೆ ಕನಿಷ್ಠ ಎತ್ತರ ಕೊಡಿ: 300×250 ಬರುವಲ್ಲಿ 250 ಪಿಕ್ಸೆಲ್, ಮೇಲೆ ಬರುವ ಗುರುತಿನ ಸಾಲಿಗೆ ಇನ್ನಷ್ಟು. ಜಾಹೀರಾತು ಬಾರದಿದ್ದರೂ ಆ ಪೆಟ್ಟಿಗೆಯನ್ನು ಮಡಚಬೇಡಿ. ಗೂಗಲ್ ಪುಟದ ಈ ಜಿಗಿತವನ್ನು ಅಳೆದು ಅಂಕ ಕೊಡುತ್ತದೆ, ಅಂಕ 0.1 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಚೆನ್ನ.

ಎಷ್ಟು ಜಾಹೀರಾತು ಹಾಕಬಹುದು? ಜಾಹೀರಾತು ಕೊಡುವವರು, ಪ್ರಕಟಿಸುವವರು, ತಂತ್ರಾಂಶ ಕಂಪನಿಗಳು ಸೇರಿ 2016ರಲ್ಲಿ ಉತ್ತಮ ಜಾಹೀರಾತುಗಳಿಗಾಗಿ ಒಂದು ಒಕ್ಕೂಟ ಕಟ್ಟಿದವು. ಓದುಗರಿಗೆ ಯಾವುದು ಅಸಹನೀಯ ಎಂದು ಜನರನ್ನೇ ಕೇಳಿ ಅದು ಮಾನದಂಡ ಮಾಡಿತು. ಫೋನ್‌ನಲ್ಲಿ ಮುಖ್ಯ ವಿಷಯದ ಎತ್ತರದ ಶೇಕಡಾ 30ಕ್ಕಿಂತ ಹೆಚ್ಚು ಭಾಗ ಜಾಹೀರಾತಾಗುವುದು, ತಾನಾಗಿ ಸದ್ದು ಮಾಡುವ ವಿಡಿಯೋ, ವಿಷಯದ ಮೇಲೆ ಎರಗುವ ಪಾಪ್‌ಅಪ್ ಇವೆಲ್ಲ ಬೇಡವಾದವುಗಳ ಪಟ್ಟಿಯಲ್ಲಿವೆ. 2018ರ ಫೆಬ್ರವರಿ 15ರಿಂದ ಕ್ರೋಮ್ ಬ್ರೌಸರ್ ಈ ಮಾನದಂಡವನ್ನು ಮತ್ತೆ ಮತ್ತೆ ಮುರಿಯುವ ತಾಣಗಳ ಜಾಹೀರಾತುಗಳನ್ನು ತಡೆಯತೊಡಗಿತು. ಶೇಕಡಾ 30 ಎಂಬುದು ಕೊನೆಯ ಗೆರೆ, ತಲುಪಬೇಕಾದ ಗುರಿಯಲ್ಲ. ನಾನು ಅದರ ಅರ್ಧಕ್ಕೇ ನಿಲ್ಲಿಸಿ ಎನ್ನುತ್ತೇನೆ.

ಪಾಪ್‌ಅಪ್ ಹುಟ್ಟಿದ ಬಗೆಯನ್ನು ಇಲ್ಲೇ ಹೇಳಬೇಕು. 1990ರ ದಶಕದ ಕೊನೆಯ ಭಾಗದಲ್ಲಿ ಟ್ರೈಪಾಡ್ ಎಂಬ ತಾಣದಲ್ಲಿ ಕೆಲಸ ಮಾಡುತ್ತಿದ್ದ ಈಥನ್ ಜುಕರ್‌ಮನ್ ಅದಕ್ಕೆ ಕೋಡ್ ಬರೆದರು. ಕಾರು ಕಂಪನಿಯೊಂದು ತನ್ನ ಜಾಹೀರಾತು ಮುಜುಗರದ ವಿಷಯವಿದ್ದ ಪುಟದಲ್ಲಿ ಕಂಡು ಗಾಬರಿಯಾಗಿತ್ತು. ಪುಟಕ್ಕೂ ಜಾಹೀರಾತಿಗೂ ನಂಟಿಲ್ಲವೆಂದು ತೋರಿಸಲು ಬೇರೆಯೇ ಕಿಟಕಿ ತೆರೆಯುವ ಉಪಾಯ ಹೂಡಿದರು. ಉದ್ದೇಶ ಸಾಧುವಾದದ್ದೇ. ಆದರೆ 2014ರಲ್ಲಿ ಅವರೇ ಬರೆದು ಕ್ಷಮೆ ಕೇಳಬೇಕಾಯಿತು.

## 4. ಗುರುತು ಹಾಕಿ, ಸ್ಪಷ್ಟವಾಗಿ ಹಾಕಿ

ಈ ಮಾರ್ಗದರ್ಶಿಯಲ್ಲಿ ಒಂದನ್ನೇ ಪಾಲಿಸುತ್ತೇನೆ ಎನ್ನುವವರು ಈ ಹಂತವನ್ನು ಪಾಲಿಸಲಿ.

ಜಾಹೀರಾತಿನ ಮೇಲೆ ‘ಜಾಹೀರಾತು’ ಎಂದೇ ಬರೆಯಿರಿ. ‘ಸಹಯೋಗ’, ‘ವಿಶೇಷ’, ‘ನಮ್ಮ ಆಯ್ಕೆ’, ‘ಕೊಡುಗೆ’ ಎಂಬ ಪದಗಳು ಮುಚ್ಚಿಡುವುದಕ್ಕೇ ಹುಟ್ಟಿಕೊಂಡವು. ಕನ್ನಡಿಗರೆಲ್ಲರಿಗೂ ತಿಳಿದ, ದಿನಪತ್ರಿಕೆಗಳು ತಲೆಮಾರುಗಳಿಂದ ಬಳಸಿದ ಪದವೊಂದು ಕೈಯಲ್ಲೇ ಇರುವಾಗ ಬೇರೆ ಪದ ಹುಡುಕುವುದು ಏಕೆ?

ಗುರುತು ಪೆಟ್ಟಿಗೆಯ ಮೇಲ್ಭಾಗದಲ್ಲಿರಲಿ, ಕೆಳಗಲ್ಲ. ಓದಿ ಮುಗಿಸಿದ ಮೇಲೆ ಗೊತ್ತಾದರೆ ಏನು ಬಂತು? ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಇರುವ ವ್ಯತ್ಯಾಸದ ಅನುಪಾತ ಕನಿಷ್ಠ 4.5ಕ್ಕೆ 1 ಇರಲಿ. ಜಾಲದ ಸುಲಭಬಳಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಸಾಮಾನ್ಯ ಪಠ್ಯಕ್ಕೆ ಕೇಳುವುದೂ ಇಷ್ಟನ್ನೇ. ಬಿಳಿಯ ಮೇಲೆ ತಿಳಿ ಬೂದು ಬಣ್ಣದಲ್ಲಿ ಬರೆದ ಗುರುತು ಇದ್ದೂ ಇಲ್ಲದಂತೆ. ಒಮ್ಮೆ ಜಾಹೀರಾತು ಕೊಡುವವರೊಬ್ಬರು ನನ್ನನ್ನು ಕೇಳಿದ್ದೂ ಅದನ್ನೇ: ಪದ ಇರಲಿ, ಬಣ್ಣ ಸ್ವಲ್ಪ ತಿಳಿಯಾಗಲಿ. ನಾನು ಒಪ್ಪಲಿಲ್ಲ. ಗುರುತನ್ನು ಓದಿಯೂ ಒತ್ತಿದವರು ನಿಜವಾಗಿ ಬೇಕಾಗಿ ಬಂದವರು, ಅವರೇ ನಿಮಗೂ ಬೇಕಾದವರು ಎಂದು ವಿವರಿಸಿದೆ. ಆ ಮಾತನ್ನು ಈಗಲೂ ಅಷ್ಟೇ ಗಟ್ಟಿಯಾಗಿ ನಂಬುತ್ತೇನೆ.

ಹಣ ಪಡೆದು ಬರೆದ ಲೇಖನದಲ್ಲಿ ಹೊಣೆ ಇನ್ನೂ ಹೆಚ್ಚು, ಏಕೆಂದರೆ ಅದು ನೋಡಲು ನಿಮ್ಮ ಉಳಿದ ಬರಹದಂತೆಯೇ ಇರುತ್ತದೆ. ಯಾರು ಹಣ ಕೊಟ್ಟರು ಎಂಬ ಪೂರ್ತಿ ವಾಕ್ಯ ಶೀರ್ಷಿಕೆಯ ಹತ್ತಿರವೇ ಬರಲಿ. ಮುಖಪುಟದ ಪಟ್ಟಿಯಲ್ಲೂ, ಹಂಚಿಕೊಂಡಾಗ ಕಾಣುವ ಚಿಕ್ಕ ಚಿತ್ರದಲ್ಲೂ ಆ ಗುರುತು ಹಿಂಬಾಲಿಸಲಿ. ಎಷ್ಟೋ ಮಂದಿ ನೋಡುವುದು ಅದನ್ನಷ್ಟೇ. ಬಣ್ಣದ ಹಿನ್ನೆಲೆಯಿಂದ ಬೇರ್ಪಡಿಸಿದರೆ ಒಳ್ಳೆಯದು, ಆದರೆ ಬಣ್ಣವೊಂದನ್ನೇ ನಂಬಬೇಡಿ. ಬಣ್ಣ ಗುರುತಿಸಲಾಗದವರೂ ಓದುಗರೇ.

ನಿಮ್ಮ ಕೊಂಡಿಯಿಂದ ಹೋಗಿ ಯಾರಾದರೂ ಕೊಂಡರೆ ನಿಮಗೆ ಪಾಲು ಬರುವುದಾದರೆ, ಅದನ್ನು ಕೊಂಡಿಗಿಂತ ಮೊದಲೇ ಹೇಳಿ. ಪುಟದ ತಳದ ಸಣ್ಣ ಅಕ್ಷರಗಳಲ್ಲಿ ಹೇಳಿದರೆ ಹೇಳಿದಂತಾಗುವುದಿಲ್ಲ. ಹುಡುಕು ಯಂತ್ರಗಳಿಗೂ ಗುರುತು ಬೇಕು: ಹಣ ಪಡೆದ ಕೊಂಡಿಗಳ ಎಚ್‌ಟಿಎಂಎಲ್‌ನಲ್ಲಿ, ಅಂದರೆ ಪುಟ ಕಟ್ಟುವ ಕೋಡ್‌ನಲ್ಲಿ, ‘ರೆಲ್’ (rel) ಗುಣಕ್ಕೆ ‘ಸ್ಪಾನ್ಸರ್ಡ್’ (sponsored) ಎಂಬ ಮೌಲ್ಯ ಕೊಡಿ. ಗೂಗಲ್ 2019ರಲ್ಲಿ ಇದನ್ನು ಜಾರಿಗೆ ತಂದಿತು. ಈ ಕೊಂಡಿಯನ್ನು ಶಿಫಾರಸೆಂದು ಎಣಿಸಬೇಡಿ ಎನ್ನುವ, ಅದಕ್ಕೂ ಮುಂಚಿನ ‘ನೋಫಾಲೋ’ (nofollow) ಕೂಡ ನಡೆಯುತ್ತದೆ.

## 5. ಜಾಹೀರಾತಿನ ಮಾತು

ಒಂದು ಜಾಹೀರಾತು, ಒಂದು ವಸ್ತು, ಒಂದು ಮಾತು, ಒಂದು ಗುಂಡಿ.

‘ವಿಶ್ವದರ್ಜೆಯ ಗುಣಮಟ್ಟ, ನಂಬಿಕೆಗೆ ಇನ್ನೊಂದು ಹೆಸರು’ ಎಂಬ ಸಾಲನ್ನು ನಲ್ಲಿಗೂ ಹಾಕಬಹುದು, ವಿಮಾನಕ್ಕೂ ಹಾಕಬಹುದು. ಹೀಗೆ ಯಾವುದಕ್ಕೂ ಹೊಂದುವ ಮಾತು ಯಾವುದನ್ನೂ ಮಾರುವುದಿಲ್ಲ. ‘ನಲ್ಲಿ ಬಿಚ್ಚಲು ಬೇಕಾದ ಮೂರು ಉಪಕರಣಗಳು, ಒಂದೇ ಪೆಟ್ಟಿಗೆಯಲ್ಲಿ’ ಎಂದು ಬರೆದು ನೋಡಿ. ಪುಟ ಓದುತ್ತಿರುವವರ ಕೈಯಲ್ಲಿ ಆಗ ಇಲ್ಲದಿರುವುದನ್ನೇ ಅದು ಹೆಸರಿಸುತ್ತದೆ. ಗುಂಡಿಯ ಮೇಲೆ ‘ಇನ್ನಷ್ಟು’ ಎನ್ನುವ ಬದಲು ‘ಪೆಟ್ಟಿಗೆಯಲ್ಲಿ ಏನಿದೆ ನೋಡಿ’ ಎನ್ನಿ. ಯಾರ ಜಾಹೀರಾತು ಎಂಬುದು ಒತ್ತುವ ಮೊದಲೇ ತಿಳಿಯಬೇಕು.

ಒತ್ತಿ ಹೋದ ಪುಟದ ಮೊದಲ ಪರದೆಯಲ್ಲೇ ಆ ಮೂರು ಉಪಕರಣಗಳ ಪೆಟ್ಟಿಗೆ ಕಾಣಬೇಕು. ಕಂಪನಿಯ ಮುಖಪುಟಕ್ಕೆ ಕರೆದೊಯ್ದು ‘ಹುಡುಕಿಕೊಳ್ಳಿ’ ಎಂದರೆ, ಅತಿಥಿಯನ್ನು ಕರೆದು ಬಾಗಿಲಲ್ಲೇ ನಿಲ್ಲಿಸಿದಂತೆ. ಎಷ್ಟೋ ಒಳ್ಳೆಯ ಜಾಹೀರಾತುಗಳು ಸೋಲುವುದು ಇಲ್ಲಿ.

ಬೆದರಿಸಿ ಮಾರಬೇಡಿ. ನಿಜವಾಗಿ ಮುಗಿಯದ ಕೊಡುಗೆಗೆ ಓಡುವ ಗಡಿಯಾರ, ಉಗುರಿನ ತುದಿಗೂ ಸಿಗದ ಮುಚ್ಚುವ ಗುರುತು, ‘ಬೇಡ, ನನಗೆ ಹಣ ಉಳಿಸುವ ಆಸೆಯಿಲ್ಲ’ ಎಂದು ನಾಚಿಸುವ ಗುಂಡಿ: ಇಂಥ ಕೈಚಳಕಗಳಿಗೆ ವಿನ್ಯಾಸ ತಜ್ಞ ಹ್ಯಾರಿ ಬ್ರಿಗ್ನಲ್ 2010ರಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂಬ ಹೆಸರು ಕೊಟ್ಟರು. ಈಗ ಹಲವು ದೇಶಗಳ ಗ್ರಾಹಕ ರಕ್ಷಣೆಯ ನಿಯಮಗಳೂ ಇವುಗಳ ಮೇಲೆ ಕಣ್ಣಿಟ್ಟಿವೆ.

ಚಿತ್ರದೊಳಗೆ ಮಾತಿದ್ದರೆ ಅದೇ ಮಾತನ್ನು ಆಲ್ಟ್ ಪಠ್ಯದಲ್ಲೂ, ಅಂದರೆ ಚಿತ್ರ ಕಾಣದವರಿಗೆ ಅದರ ಬದಲಾಗಿ ಒದಗುವ ಬರಹದಲ್ಲೂ ಬರೆಯಿರಿ. ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಸಲ ಮಿನುಗುವ ಯಾವುದನ್ನೂ ಹಾಕಬೇಡಿ. ಬೆಳಕಿಗೆ ಸೂಕ್ಷ್ಮವಾಗಿ ಸ್ಪಂದಿಸುವವರಲ್ಲಿ ಅದು ಮೂರ್ಛೆ ತರಬಲ್ಲದು.

## 6. ಪುಟ ಬೇಗ ತೆರೆಯಲಿ

ಪುಟದ ಅತಿ ದೊಡ್ಡ ಭಾಗ, ಅಂದರೆ ಮುಖ್ಯ ಚಿತ್ರ ಅಥವಾ ಶೀರ್ಷಿಕೆ, 2.5 ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲ್ ಇಟ್ಟಿರುವ ಅಳತೆ. ಚಿತ್ರಗಳನ್ನು ವೆಬ್‌ಪಿ ಅಥವಾ ಎವಿಐಎಫ್ ಎಂಬ ಹಗುರವಾದ ಕಡತದ ರೂಪಕ್ಕೆ ತನ್ನಿ, ಕಾಣುವ ಗಾತ್ರಕ್ಕೆ ಕುಗ್ಗಿಸಿ. ಜಾಹೀರಾತನ್ನು ತರುವ ಪುಟ್ಟ ಕೋಡ್‌ಗೆ, ಅಂದರೆ ಸ್ಕ್ರಿಪ್ಟ್‌ಗೆ, ‘ಅಸಿಂಕ್’ (async) ಗುಣ ಕೊಡಿ, ಆಗ ಅದು ಬರುವ ತನಕ ಪಠ್ಯ ಕಾಯಬೇಕಾಗಿಲ್ಲ. ಪರದೆಯ ಕೆಳಗೆ ಬರುವ ಚಿತ್ರಗಳು ಹತ್ತಿರ ಬಂದಾಗ ಇಳಿದರೆ ಸಾಕು. ಆದರೆ ಮೊದಲ ಪರದೆಯ ಮುಖ್ಯ ಚಿತ್ರವನ್ನು ಹಾಗೆ ಕಾಯಿಸಬೇಡಿ, ಅದು ಸುಮ್ಮನೆ ತಡವಾಗುತ್ತದೆ.

## 7. ಹಿಂಬಾಲಿಸದೆ ಮಾರುವುದು

ಕುಕಿ ಎಂಬ ಪುಟ್ಟ ಕಡತವನ್ನು 1994ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನ ಲೂ ಮಾಂಟುಲ್ಲಿ ರೂಪಿಸಿದರು. ಪುಟಗಳಿಗೆ ನೆನಪು ಕೊಡುವುದಷ್ಟೇ ಅದರ ಉದ್ದೇಶವಾಗಿತ್ತು. ಆಮೇಲೆ ಜಾಹೀರಾತು ಜಾಲಗಳು ಅದನ್ನೇ ಬಳಸಿ ಜನರನ್ನು ತಾಣದಿಂದ ತಾಣಕ್ಕೆ ಹಿಂಬಾಲಿಸತೊಡಗಿದವು. 2018ರ ಮೇ 25ರಿಂದ ಯುರೋಪಿನ ದತ್ತಾಂಶ ರಕ್ಷಣೆಯ ಕಾಯ್ದೆ ಜಾರಿಗೆ ಬಂದು, ಒಪ್ಪಿಗೆ ಕೇಳುವ ಪೆಟ್ಟಿಗೆಗಳು ಎಲ್ಲೆಡೆ ಕಾಣಿಸಿಕೊಂಡವು.

ನನ್ನ ಸಲಹೆ: ಸಾಧ್ಯವಾದಲ್ಲೆಲ್ಲ ಓದುಗರನ್ನು ನೋಡಿ ಜಾಹೀರಾತು ಆರಿಸುವ ಬದಲು ಪುಟವನ್ನು ನೋಡಿ ಆರಿಸಿ. ನಲ್ಲಿ ಸರಿಪಡಿಸುವ ಪುಟ ಓದುತ್ತಿರುವವರಿಗೆ ಸ್ಪ್ಯಾನರ್ ಬೇಕಾಗಬಹುದೆಂದು ಊಹಿಸಲು ಅವರು ನಿನ್ನೆ ಎಲ್ಲಿ ಹೋಗಿದ್ದರೆಂದು ತಿಳಿಯಬೇಕಾಗಿಲ್ಲ. ಒಪ್ಪಿಗೆ ಕೇಳಲೇಬೇಕಾದರೆ ‘ಬೇಡ’ ಗುಂಡಿಯೂ ‘ಆಗಲಿ’ ಗುಂಡಿಯೂ ಒಂದೇ ಗಾತ್ರದಲ್ಲಿ, ಒಂದೇ ಪರದೆಯಲ್ಲಿ ಇರಲಿ.

## 8. ಅಳೆಯಿರಿ, ಆದರೆ ಅಂಕಿಗೆ ಮರುಳಾಗಬೇಡಿ

ಜಾಹೀರಾತು ಪುಟದಲ್ಲಿ ಇದ್ದ ಮಾತ್ರಕ್ಕೆ ಯಾರೋ ಕಂಡರೆಂದಲ್ಲ. ಉದ್ಯಮ ಒಪ್ಪಿರುವ ಲೆಕ್ಕದಲ್ಲಿ, ಸಾಮಾನ್ಯ ಜಾಹೀರಾತಿನ ಅರ್ಧದಷ್ಟು ಪಿಕ್ಸೆಲ್‌ಗಳು ಪರದೆಯ ಮೇಲೆ ಒಂದು ಸೆಕೆಂಡ್ ನಿಂತರೆ ಅದು ಕಾಣಬಹುದಾಗಿತ್ತು ಎಂದರ್ಥ. ವಿಡಿಯೋಗೆ ಎರಡು ಸೆಕೆಂಡ್. ಇದು ಬಹಳ ಸಡಿಲವಾದ ಅಳತೆ ಎಂಬುದು ನೆನಪಿರಲಿ.

ಎರಡು ಬಗೆಯ ಸಾಲುಗಳನ್ನು ಹೋಲಿಸುವಾಗ ಒಂದನ್ನೇ ಬದಲಿಸಿ. ಚಿತ್ರ, ಬಣ್ಣ, ಮಾತು ಮೂರನ್ನೂ ಬದಲಿಸಿದರೆ ಯಾವುದು ಗೆದ್ದಿತೆಂದು ತಿಳಿಯುವುದು ಹೇಗೆ? ಸಣ್ಣ ಸಂಖ್ಯೆಗಳ ಬಗ್ಗೆಯೂ ಎಚ್ಚರ ಬೇಕು. ಒಂದೊಂದು ಸಾಲೂ 10,000 ಸಲ ಕಂಡು, ಒಂದಕ್ಕೆ 20, ಇನ್ನೊಂದಕ್ಕೆ 26 ಕ್ಲಿಕ್ ಬಂದವೆಂದುಕೊಳ್ಳಿ. ಶೇಕಡಾ 30ರಷ್ಟು ಏರಿಕೆ ಎಂದು ಸಂಭ್ರಮಿಸುವವರಿದ್ದಾರೆ. ಈ ಗಾತ್ರದಲ್ಲಿ ಆರು ಕ್ಲಿಕ್‌ಗಳ ಅಂತರ ಬರೀ ಆಕಸ್ಮಿಕವಾಗಿಯೂ ಬರುತ್ತದೆ. ಇನ್ನೂ ಕಾಯಿರಿ.

ಓದುಗರ ಕಡೆಯ ಅಂಕಿಗಳನ್ನೂ ಅದೇ ಕಾಗದದಲ್ಲಿ ಬರೆದಿಡಿ: ಎಷ್ಟು ಮಂದಿ ಕೊನೆಯ ಸೂಚನೆಯವರೆಗೆ ತಲುಪಿದರು, ಎಷ್ಟು ಮಂದಿ ಜಾಹೀರಾತು ಒತ್ತಿ ಕ್ಷಣದಲ್ಲೇ ಹಿಂದಕ್ಕೆ ಬಂದರು. ಎರಡನೆಯದು ಏರಿದರೆ ಬೆರಳು ತಪ್ಪುತ್ತಿದೆ ಎಂದರ್ಥ. ಆಗ ಕ್ಲಿಕ್ ಸಂಖ್ಯೆ ಎಷ್ಟೇ ಚೆನ್ನಾಗಿ ಕಂಡರೂ ಮೂರನೆಯ ಹಂತಕ್ಕೆ ಮರಳಿ ಜಾಗ ಬದಲಿಸಿ.

## 9. ಪ್ರಕಟಿಸುವ ಮುನ್ನ

ಪುಟದ ಬಗ್ಗೆ ಏನೂ ತಿಳಿಯದ ಒಬ್ಬರ ಕೈಗೆ ಫೋನ್ ಕೊಡಿ. ನಲ್ಲಿ ಸರಿಪಡಿಸುವ ಬಗೆಯನ್ನು ಓದಿ ಹೇಳಲು ಕೇಳಿ. ನೀವು ಮಾತನಾಡಬೇಡಿ, ತೋರಿಸಬೇಡಿ. ಅವರ ಬೆರಳು ಎಲ್ಲಿ ತಡೆಯುತ್ತದೆ, ಹುಬ್ಬು ಎಲ್ಲಿ ಗಂಟಿಕ್ಕುತ್ತದೆ ನೋಡುತ್ತಾ ಕುಳಿತಿರಿ. ಮುಗಿದ ಮೇಲೆ ಎರಡೇ ಪ್ರಶ್ನೆ ಕೇಳಿ: ಮೊದಲು ಏನು ಮಾಡಬೇಕು? ಇದರಲ್ಲಿ ಯಾವ ಯಾವುದು ಜಾಹೀರಾತು?

ಮೊದಲನೆಯದಕ್ಕೆ ‘ಮುಖ್ಯ ವಾಲ್ವ್ ಮುಚ್ಚಬೇಕು’ ಎಂಬ ಉತ್ತರ ಬಾರದಿದ್ದರೆ ಬರಹ ತಿದ್ದಬೇಕು. ಎರಡನೆಯದಕ್ಕೆ ಅವರು ಒಂದನ್ನಾದರೂ ತೋರಿಸದೆ ಬಿಟ್ಟರೆ, ಅಥವಾ ನಿಮ್ಮದೇ ಸೂಚನೆಯೊಂದನ್ನು ಜಾಹೀರಾತೆಂದು ತೋರಿಸಿದರೆ, ಪುಟವನ್ನು ಅಂದು ಪ್ರಕಟಿಸಬೇಡಿ. ನಾಲ್ಕನೆಯ ಹಂತದಿಂದ ಮತ್ತೆ ಶುರುಮಾಡಿ, ತಿದ್ದಿದ ಪುಟವನ್ನು ಇನ್ನೊಬ್ಬ ಹೊಸಬರ ಕೈಗೆ ಕೊಡಿ.